ಸಣ್ಣ ಉದ್ದಿಮೆಯ ಜಾಲತಾಣ: ಅಂದ, ಉಪಯುಕ್ತತೆ ಮತ್ತು ಒಡೆತನ

ಅಂಗಡಿಗೆ ಜಾಗ ನೋಡುವಾಗ ನಮ್ಮ ವ್ಯಾಪಾರಸ್ಥರು ಬಹಳ ಎಚ್ಚರಿಕೆಯಿಂದ ವರ್ತಿಸುತ್ತಾರೆ. ಕಾಗದಪತ್ರಗಳು ಯಾರ ಹೆಸರಿನಲ್ಲಿವೆ, ಬಾಡಿಗೆ ಕರಾರು ಎಷ್ಟು ವರ್ಷದ್ದು, ಗಿರಾಕಿಗಳಿಗೆ ಬಂದುಹೋಗಲು ಅನುಕೂಲವಿದೆಯೇ, ಸರಕನ್ನು ಕಣ್ಣಿಗೆ ಬೀಳುವಂತೆ ಜೋಡಿಸಲು ಸ್ಥಳವಿದೆಯೇ ಎಂದೆಲ್ಲ ವಿಚಾರಿಸಿದ ನಂತರವೇ ಮುಂಗಡ ಕೊಡುತ್ತಾರೆ. ಆದರೆ ಅದೇ ವ್ಯಾಪಾರಸ್ಥರು ಜಾಲತಾಣ ಮಾಡಿಸುವಾಗ ಈ ಪ್ರಶ್ನೆಗಳಲ್ಲಿ ಒಂದನ್ನೂ ಕೇಳದೆ, "ನೋಡಲು ಚೆನ್ನಾಗಿರಲಿ" ಎಂದಷ್ಟೇ ಹೇಳಿ ಹಣ ಪಾವತಿಸುವುದುಂಟು. ಜಾಲತಾಣವೂ ಒಂದು ಅಂಗಡಿಯೇ ಆಗಿದೆ. ಗಿರಾಕಿಯ ಪ್ರಶ್ನೆಗೆ ಬೇಗನೆ, ಪ್ರಾಮಾಣಿಕವಾಗಿ ಉತ್ತರ ಕೊಡುವುದೇ ಅದರ ನಿಜವಾದ ಅಂದ. ಅದರ ಬೀಗದ ಕೈ ಮಾಲೀಕರ ಬಳಿಯೇ ಇರುವುದು ಅದರ ಭದ್ರತೆ. ಈ ಎರಡು ಅಂಶಗಳನ್ನು ಕೇಂದ್ರವಾಗಿಟ್ಟುಕೊಂಡು ಜಾಲತಾಣದ ರಚನೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ವಿಷಯ ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ಉದ್ದಕ್ಕೂ ಇಟ್ಟುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆ ವ್ಯಾಪಾರ ಮಾಡುವ ಒಂದು ಸಣ್ಣ ಸಂಸ್ಥೆ ತನ್ನ ಸೀರೆಗಳನ್ನು ಜಾಲತಾಣದ ಮೂಲಕ ಮಾರಲು ಉದ್ದೇಶಿಸಿದೆ ಎಂದು ಭಾವಿಸೋಣ.

1. ಉದ್ದೇಶದ ನಿರ್ಧಾರ

ಜಾಲತಾಣದಿಂದ ಆಗಬೇಕಾದ ಕೆಲಸ ಯಾವುದು ಎಂಬುದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು. ಸಗಟು ಖರೀದಿದಾರರು ದೂರವಾಣಿ ಮಾಡಬೇಕೆ, ಚಿಲ್ಲರೆ ಗಿರಾಕಿಗಳು ತಾಣದಲ್ಲೇ ಹಣ ಪಾವತಿಸಬೇಕೆ, ಅಥವಾ ಊರಿಗೆ ಬಂದವರಿಗೆ ಅಂಗಡಿಯ ದಾರಿ ತಿಳಿಯಬೇಕೆ? ಈ ಮೂರಕ್ಕೂ ಬೇಕಾದ ರಚನೆ ಬೇರೆ ಬೇರೆ. ತಗಲುವ ವೆಚ್ಚವೂ ಬೇರೆ ಬೇರೆ. ದೂರವಾಣಿ ಕರೆಯಷ್ಟೇ ಬೇಕಾದವರಿಗೆ ನಾಲ್ಕೈದು ಪುಟಗಳ ತಾಣ ಸಾಕು. ಆನ್‌ಲೈನ್ ಪಾವತಿ ಬೇಕಾದವರು ದಾಸ್ತಾನು, ರವಾನೆ, ವಾಪಸಾತಿ, ತೆರಿಗೆ ಎಲ್ಲಕ್ಕೂ ಸಿದ್ಧರಿರಬೇಕು.

2. ಹೆಸರು ಮತ್ತು ಒಡೆತನ

ಜಾಲತಾಣದ ವಿಳಾಸಕ್ಕೆ, ಅಂದರೆ ಡೊಮೈನ್ ಹೆಸರಿಗೆ, ವ್ಯಾಪಾರದಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಣ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಈ ವ್ಯಾಜ್ಯವು ಆರಂಭವಾದದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. 'ಸಿಫಿ' ಎಂಬ ಹೆಸರನ್ನು ಮೊದಲಿನಿಂದ ಬಳಸುತ್ತಿದ್ದ ಸಂಸ್ಥೆಯು, ಅದನ್ನೇ ಹೋಲುವ ಇನ್ನೊಂದು ಡೊಮೈನ್ ಹೆಸರಿನ ಬಳಕೆಯನ್ನು ಪ್ರಶ್ನಿಸಿತ್ತು. ಸಿವಿಲ್ ನ್ಯಾಯಾಲಯ ತಾತ್ಕಾಲಿಕ ನಿರ್ಬಂಧಕಾಜ್ಞೆ ನೀಡಿತು. ಉಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ಊರ್ಜಿತಗೊಳಿಸಿತು. ಡೊಮೈನ್ ಹೆಸರು ಕೇವಲ ಒಂದು ವಿಳಾಸವಲ್ಲ, ವ್ಯಾಪಾರ ಚಿಹ್ನೆಯಂತೆ ಅದಕ್ಕೂ ಕಾನೂನಿನ ರಕ್ಷಣೆ ದೊರೆಯಬಲ್ಲುದು ಎಂಬುದು ಈ ತೀರ್ಪಿನ ಸಾರ.

ಇಷ್ಟು ಬೆಲೆಯುಳ್ಳ ಸ್ವತ್ತು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದು ಅನೇಕ ಸಣ್ಣ ಉದ್ದಿಮೆದಾರರಿಗೆ ತಿಳಿದೇ ಇರುವುದಿಲ್ಲ. ನಮ್ಮ ಕಕ್ಷಿದಾರರಾದ ಒಬ್ಬ ಸಗಟು ವ್ಯಾಪಾರಿಗಳ ಡೊಮೈನ್ ಹೆಸರನ್ನು ತಾಣ ರೂಪಿಸಿಕೊಟ್ಟ ವ್ಯಕ್ತಿಯು ತನ್ನ ಹೆಸರಿನಲ್ಲಿಯೇ, ತನ್ನ ಇ-ಮೇಲ್ ವಿಳಾಸದಲ್ಲಿಯೇ ನೋಂದಾಯಿಸಿದ್ದರು. ಆರು ವರ್ಷಗಳ ನಂತರ ಆ ವ್ಯಕ್ತಿ ಊರು ಬಿಟ್ಟರು, ದೂರವಾಣಿ ಸಂಖ್ಯೆ ಬದಲಾಯಿತು. ನವೀಕರಣದ ಸೂಚನೆಗಳು ಮಾಲೀಕರಿಗೆ ತಲುಪಲಿಲ್ಲ. ಅವಧಿ ಮುಗಿದ ಹೆಸರು ಬೇರೆಯವರ ಪಾಲಾಯಿತು. ಚೀಲದ ಮೇಲೆ, ಬಿಲ್ಲಿನ ಮೇಲೆ, ಗೋದಾಮಿನ ಗೋಡೆಯ ಮೇಲೆ ಆರು ವರ್ಷ ಅಚ್ಚಾಗಿದ್ದ ವಿಳಾಸವನ್ನು ತೆರೆದರೆ ಯಾವುದೋ ಜೂಜಾಟದ ಪುಟ ಕಾಣಿಸತೊಡಗಿತು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ನವೀಕರಣ ಶುಲ್ಕ ಕಟ್ಟಲು ಶಕ್ತಿಯಿಲ್ಲದೆ ಹೀಗಾದದ್ದಲ್ಲ. ಕಟ್ಟಬೇಕೆಂಬ ಸೂಚನೆಯೇ ಬರದೆ ಹೀಗಾಯಿತು.

ಆದ್ದರಿಂದ ಈ ಕೆಳಗಿನ ಅಂಶಗಳನ್ನು ಕರಾರಿನಲ್ಲಿಯೇ ಬರೆಸಿಕೊಳ್ಳತಕ್ಕದ್ದು:

ಅ) ಡೊಮೈನ್ ಹೆಸರು ಸಂಸ್ಥೆಯ ಅಥವಾ ಮಾಲೀಕರ ಹೆಸರಿನಲ್ಲಿಯೇ ನೋಂದಣಿಯಾಗಬೇಕು. ನೋಂದಣಿಯ ಇ-ಮೇಲ್ ಮತ್ತು ದೂರವಾಣಿ ಮಾಲೀಕರದ್ದಾಗಿರಬೇಕು. ಸಾಧ್ಯವಾದರೆ ಒಮ್ಮೆಗೇ ಮೂರು ಅಥವಾ ಐದು ವರ್ಷಗಳ ಶುಲ್ಕ ಕಟ್ಟುವುದು ಲೇಸು.

ಆ) ತಾಣವಿರುವ ಸರ್ವರ್‌ನ ಗುಪ್ತಪದ, ಆಡಳಿತ ಖಾತೆ ಮತ್ತು ಸಂಪೂರ್ಣ ಪ್ರತಿ ಮಾಲೀಕರ ವಶದಲ್ಲಿರಬೇಕು.

ಇ) ತಾಣದ ಕೃತಿಸ್ವಾಮ್ಯದ ಬಗ್ಗೆ ಲಿಖಿತ ವರ್ಗಾವಣೆ ಇರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಸಂಬಳದ ನೌಕರನಲ್ಲದ ಸ್ವತಂತ್ರ ವಿನ್ಯಾಸಕಾರನು ಬರೆದ ಪ್ರೋಗ್ರಾಂಗೆ ಸಾಮಾನ್ಯವಾಗಿ ಅವನೇ ಮೊದಲ ಒಡೆಯ. ನಾವು ಹಣ ಕೊಟ್ಟ ಮಾತ್ರಕ್ಕೆ ಹಕ್ಕು ನಮಗೆ ಬರುವುದಿಲ್ಲ. ವರ್ಗಾವಣೆ ಲಿಖಿತವಾಗಿರಬೇಕು, ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಸೀಮಿತವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯಿದೆಯ 19ನೇ ಕಲಮು ಹೇಳುತ್ತದೆ. ಸ್ನೇಹ ಬೇರೆ, ಲೆಕ್ಕ ಬೇರೆ ಎಂಬ ಹಿರಿಯರ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಉಚಿತ ತಾಣಗಳ ಬಗ್ಗೆಯೂ ಒಂದು ಮಾತು. 2009ರಲ್ಲಿ ಯಾಹೂ ಸಂಸ್ಥೆಯು ಜಿಯೋಸಿಟೀಸ್ ಎಂಬ ಉಚಿತ ಪುಟಗಳ ಸೇವೆಯನ್ನು ಅಮೆರಿಕದಲ್ಲಿ ನಿಲ್ಲಿಸಿದಾಗ ಲಕ್ಷಾಂತರ ಪುಟಗಳು ಕಣ್ಮರೆಯಾದವು. ಗೂಗಲ್ ಸಂಸ್ಥೆಯು ಅಂಗಡಿಗಳ ಪರಿಚಯ ಖಾತೆಯೊಂದಿಗೆ ಉಚಿತವಾಗಿ ಕೊಟ್ಟಿದ್ದ ಪುಟ್ಟ ಜಾಲತಾಣಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಪರಿಚಯ ಖಾತೆ ಉಳಿಯಿತು, ತಾಣ ಹೋಯಿತು. ಉಚಿತ ಸೇವೆಗಳನ್ನು, ಸಾಮಾಜಿಕ ಜಾಲಗಳನ್ನು ಬಳಸಬಾರದೆಂದು ಇದರ ಅರ್ಥವಲ್ಲ. ಅವು ಸಂತೆಯ ಕಟ್ಟೆಯಿದ್ದಂತೆ. ಅಲ್ಲಿ ಕುಳಿತು ಮಾರಬಹುದು, ಆದರೆ ಅಂಗಡಿಯ ಖಾಯಂ ವಿಳಾಸ ನಮ್ಮದೇ ಆಗಿರಬೇಕು.

3. ಮುಖಪುಟ

ಮುಖಪುಟವು ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು: ಇಲ್ಲಿ ಏನು ದೊರೆಯುತ್ತದೆ? ಇವರು ಯಾರು? ಮುಂದೆ ನಾನೇನು ಮಾಡಬೇಕು? "ಇಳಕಲ್ ಸೀರೆಗಳು, ನೇರವಾಗಿ ಇಳಕಲ್‌ನಿಂದ" ಎಂಬ ಒಂದು ಸಾಲು, ಸೆರಗು ಹರಡಿದ ಒಂದು ಒಳ್ಳೆಯ ಚಿತ್ರ, ವಿಳಾಸ, ದೂರವಾಣಿ ಮತ್ತು "ಸೀರೆಗಳನ್ನು ನೋಡಿ" ಎಂಬ ಒಂದು ಗುಂಡಿ, ಇಷ್ಟಿದ್ದರೆ ಮುಖಪುಟ ಮುಗಿಯಿತು. ಹತ್ತು ಚಿತ್ರಗಳು ಒಂದರ ಹಿಂದೆ ಒಂದು ಜಾರುವುದು, ತಾನಾಗಿ ಸಂಗೀತ ಮೊಳಗುವುದು, ಸಂಸ್ಥಾಪಕರ ಸಂದೇಶ ಅರ್ಧ ಪುಟ ಆವರಿಸುವುದು ಗಿರಾಕಿಗೆ ಬೇಕಾದ ಸಂಗತಿಗಳಲ್ಲ. ಒಂದು ಕಾಲಕ್ಕೆ ಫ್ಲ್ಯಾಶ್ ತಂತ್ರದಿಂದ ಕುಣಿಯುವ ಮುಖಪುಟಗಳಿಗೆ ಬಹಳ ಬೇಡಿಕೆಯಿತ್ತು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಲ್ಲಿಸಿದ ನಂತರ ಆ ತಾಣಗಳು ಖಾಲಿ ಪುಟಗಳಾದವು. ಸರಳವಾದದ್ದು ಬಾಳಿಕೆ ಬರುತ್ತದೆ.

4. ಸರಕಿನ ಪುಟ: ಮಾರಾಟ ನಡೆಯುವ ಸ್ಥಳ

ವಿನ್ಯಾಸಕಾರರು ಮುಖಪುಟಕ್ಕೆ ಹೆಚ್ಚು ಶ್ರಮ ವಹಿಸುತ್ತಾರೆ. ಆದರೆ ಮಾರಾಟವಾಗುವುದು ಸರಕಿನ ಪುಟದಲ್ಲಿ. ಅಂಗಡಿಗೆ ಬಂದ ಹೆಣ್ಣುಮಗಳು ಸೀರೆಯನ್ನು ಮುಟ್ಟಿ ನೋಡುತ್ತಾಳೆ, ಬಿಸಿಲಿಗೆ ಹಿಡಿಯುತ್ತಾಳೆ, ಹಿಮ್ಮಗ್ಗುಲನ್ನು ತಿರುವಿ ನೋಡುತ್ತಾಳೆ, ಹತ್ತು ಪ್ರಶ್ನೆ ಕೇಳುತ್ತಾಳೆ. ಜಾಲತಾಣದಲ್ಲಿ ಈ ಎಲ್ಲ ಕೆಲಸವನ್ನು ಚಿತ್ರ ಮತ್ತು ಬರಹ ಮಾಡಬೇಕು. ಗಲ್ಲಾಪೆಟ್ಟಿಗೆಯ ಬಳಿ ಒಂದು ನೋಟ್ ಪುಸ್ತಕವಿಟ್ಟು, ಒಂದು ತಿಂಗಳ ಕಾಲ ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಗುರುತು ಹಾಕಿಕೊಂಡರೆ ಅದೇ ಸರಕಿನ ಪುಟದ ನಕ್ಷೆಯಾಗುತ್ತದೆ.

ಇಳಕಲ್ ಸೀರೆಗೆ ಅಂತಹ ಪಟ್ಟಿ ಸುಮಾರಾಗಿ ಹೀಗಿರುತ್ತದೆ: ಒಡಲು ಹತ್ತಿಯದೋ ರೇಷ್ಮೆಯದೋ ಕೃತಕ ರೇಷ್ಮೆಯದೋ? ಸೆರಗು ಅಪ್ಪಟ ರೇಷ್ಮೆಯೇ? ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಜೋಡಿಸಲಾಗಿದೆಯೇ? ದಡಿ ಗೋಮಿಯೋ ಚಿಕ್ಕಿಯೋ, ಅಗಲ ಎಷ್ಟು? ಉದ್ದ ಆರು ಗಜವೋ ಒಂಬತ್ತು ಗಜವೋ? ಕುಪ್ಪಸದ ಬಟ್ಟೆ ಸೇರಿದೆಯೇ, ಇಲ್ಲವಾದರೆ ಗುಳೇದಗುಡ್ಡದ ಖಣ ಜೊತೆಗೆ ಸಿಗುತ್ತದೆಯೇ? ಬಣ್ಣ ಬಿಡುತ್ತದೆಯೇ, ಮೊದಲ ಒಗೆತ ಹೇಗೆ? ಎಲ್ಲಕ್ಕಿಂತ ಮುಖ್ಯವಾಗಿ, ಇದು ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ?

ಕೊನೆಯ ಪ್ರಶ್ನೆಗೆ ಅನೇಕ ತಾಣಗಳು ಉತ್ತರಿಸುವುದೇ ಇಲ್ಲ. "ಸಾಂಪ್ರದಾಯಿಕ ನೇಯ್ಗೆ" ಎಂಬ ಜಾಣ ಮಾತು ಬರೆದು ಸುಮ್ಮನಾಗುತ್ತವೆ. ಇದು ವ್ಯಾಪಾರಕ್ಕೂ ಒಳ್ಳೆಯದಲ್ಲ, ನೇಕಾರರಿಗೂ ನ್ಯಾಯವಲ್ಲ. ಎರಡೂ ಬಗೆಯ ಸೀರೆಗಳಿಗೆ ಗಿರಾಕಿಗಳಿದ್ದಾರೆ. ಎರಡನ್ನೂ ಬೇರೆ ಬೇರೆ ವಿಭಾಗಗಳಲ್ಲಿ ಇಟ್ಟು, ಬೆಲೆಯ ವ್ಯತ್ಯಾಸಕ್ಕೆ ಕಾರಣವನ್ನು ಎರಡು ಸಾಲಿನಲ್ಲಿ ತಿಳಿಸಿದರೆ ಕೈಮಗ್ಗದ ಸೀರೆಗೆ ಅದರ ಯೋಗ್ಯ ಬೆಲೆ ಬರುತ್ತದೆ. ಕೇಂದ್ರ ಸರ್ಕಾರವು 2006ರಲ್ಲಿ ಆರಂಭಿಸಿದ ಕೈಮಗ್ಗ ಗುರುತಿನ ಪಟ್ಟಿ ಸೀರೆಗಿದ್ದರೆ ಅದರ ಚಿತ್ರವನ್ನೂ ಹಾಕಬೇಕು.

ಚಿತ್ರಗಳನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆಯಬಾರದು; ಸೆರಗಿನ ಕೆಂಪು ಬಣ್ಣ ಬೇರೆಯಾಗಿ ಕಾಣುತ್ತದೆ. ಬೆಳಗಿನ ಹೊತ್ತು ಬಾಗಿಲ ಬಳಿಯ ನೆರಳಿನ ಬೆಳಕು ಉತ್ತಮ. ಪ್ರತಿ ಸೀರೆಗೆ ಕನಿಷ್ಠ ನಾಲ್ಕು ಚಿತ್ರಗಳಿರಲಿ: ಪೂರ್ಣ ಸೀರೆ, ಸೆರಗು, ಸ್ಕೇಲಿನೊಂದಿಗೆ ದಡಿ, ಮತ್ತು ಒಡಲು ಸೆರಗು ಕೂಡುವ ಕೊಂಡಿಯ ಸಮೀಪದ ನೋಟ. ಬೇರೆ ತಾಣದಿಂದ ಚಿತ್ರ ಎತ್ತಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆ. ಮೇಲಾಗಿ ಕಂಡ ಸೀರೆಯೊಂದು, ಬಂದ ಸೀರೆಯೊಂದು ಎಂಬ ದೂರಿಗೆ ಅದೇ ಮೂಲ.

5. ಅಕ್ಷರ, ಬಣ್ಣ, ವೇಗ

ಗಿರಾಕಿಗಳಲ್ಲಿ ಹೆಚ್ಚಿನವರು ತಾಣವನ್ನು ನೋಡುವುದು ಮೊಬೈಲ್ ಫೋನಿನಲ್ಲಿ. ವಿನ್ಯಾಸಕಾರರು ತಮ್ಮ ಕಚೇರಿಯ ದೊಡ್ಡ ಪರದೆಯಲ್ಲಿ ತೋರಿಸಿದ್ದನ್ನು ಒಪ್ಪಿಕೊಳ್ಳದೆ, ಸಾಧಾರಣ ಬೆಲೆಯ ಫೋನಿನಲ್ಲಿ, ಸಾಧಾರಣ ಸಂಪರ್ಕದಲ್ಲಿ ತೆರೆದು ನೋಡಬೇಕು. ಫೋನಿನಿಂದ ತೆಗೆದ ಚಿತ್ರ ನಾಲ್ಕೈದು ಎಂಬಿ ಗಾತ್ರದ್ದಿರುತ್ತದೆ. ಅದನ್ನು ಇನ್ನೂರು ಕೆಬಿಯೊಳಗೆ ಇಳಿಸಿದರೂ ತಾಣದಲ್ಲಿ ಅಂದ ಕೆಡುವುದಿಲ್ಲ, ಪುಟ ಮಾತ್ರ ಬೇಗ ತೆರೆಯುತ್ತದೆ. ಎರಡು ಬಣ್ಣ, ಒಂದು ಅಥವಾ ಎರಡು ಅಕ್ಷರ ಶೈಲಿ ಸಾಕು. ಸರಕೇ ಬಣ್ಣಬಣ್ಣದ್ದಾಗಿರುವಾಗ ಹಿನ್ನೆಲೆ ಬಿಳಿಯಾಗಿರುವುದೇ ಒಳಿತು.

ಕನ್ನಡದಲ್ಲಿ ತಾಣ ಮಾಡಿಸುವವರು ಗಮನಿಸಬೇಕಾದ ಒಂದು ತಾಂತ್ರಿಕ ಅಂಶವಿದೆ. ಮುದ್ರಣಾಲಯದಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರ ಸಂಕೇತಗಳಲ್ಲಿ ಜೋಡಿಸಿದ ಬರಹವನ್ನು ಹಾಗೆಯೇ ಹಾಕಿದರೆ ನೋಡುಗರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದನ್ನು ತಪ್ಪಿಸಲು ಕೆಲವರು ಬರಹವನ್ನೇ ಚಿತ್ರವಾಗಿಸಿ ಹಾಕುತ್ತಾರೆ. ಆಗ ಕಣ್ಣಿಗೆ ಕಂಡರೂ ಹುಡುಕು ಯಂತ್ರಗಳಿಗೆ ಅದು ಬರಹವಾಗಿ ದೊರೆಯುವ ಭರವಸೆಯಿಲ್ಲ. ಬರಹ ಯೂನಿಕೋಡ್‌ನಲ್ಲಿಯೇ ಇರಬೇಕೆಂದು ಕರಾರಿನಲ್ಲಿ ನಮೂದಿಸಬೇಕು.

ಹುಡುಕಾಟದ ವಿಷಯದಲ್ಲಿ ಗಿರಾಕಿಯ ನಾಲಿಗೆಯನ್ನು ಅನುಸರಿಸಬೇಕು. ಮಹಾರಾಷ್ಟ್ರದಲ್ಲಿ ಈ ಸೀರೆಯನ್ನು 'ಇರಕಲ್' ಎನ್ನುತ್ತಾರೆ; ಅಲ್ಲಿ ಇದಕ್ಕೆ ಹಿಂದಿನಿಂದಲೂ ಬೇಡಿಕೆಯಿದೆ. 'ಇಳಕಲ್' ಎಂದು ಮಾತ್ರ ಬರೆದ ತಾಣವು ಪುಣೆ, ಸೊಲ್ಲಾಪುರ, ಕೊಲ್ಲಾಪುರಗಳ ಗಿರಾಕಿಗೆ ಸಿಗದೆ ಹೋಗಬಹುದು. ಮರಾಠಿಯಲ್ಲಿ ಒಂದು ಪುಟವಿದ್ದರೆ ಇನ್ನೂ ಉತ್ತಮ.

6. ಕಾನೂನಿನ ಅಗತ್ಯಗಳು

ಅ) ಉದ್ದಿಮೆಯು ಕಂಪನಿಯಾಗಿದ್ದರೆ, 2014ರ ಕಂಪನಿಗಳ (ಸ್ಥಾಪನೆ) ನಿಯಮಗಳ 26ನೇ ನಿಯಮದಂತೆ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಂಪನಿ ಗುರುತಿನ ಸಂಖ್ಯೆ, ದೂರವಾಣಿ, ಇ-ಮೇಲ್ ಮತ್ತು ವಿಚಾರಣೆ ಅಥವಾ ದೂರುಗಳಿಗೆ ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರನ್ನು ಮುಖಪುಟದಲ್ಲಿಯೇ ಪ್ರಕಟಿಸಬೇಕು.

ಆ) ಸ್ವಂತ ತಾಣದಲ್ಲಿ ಮಾರಾಟ ಮಾಡುವವರಿಗೆ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಅನ್ವಯಿಸುತ್ತವೆ. ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಿ ಅದರ ವಿವರ ಕೊಡಬೇಕು. ವಾಪಸಾತಿ, ಹಣ ಮರುಪಾವತಿ, ರವಾನೆಯ ಷರತ್ತುಗಳನ್ನು ತಿಳಿಸಬೇಕು. ದೂರು ಅಧಿಕಾರಿಯನ್ನು ಹೆಸರಿಸಬೇಕು. ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ನೀಡಬೇಕು. ತಾವೇ ಗಿರಾಕಿಗಳಂತೆ ಹೊಗಳಿಕೆಯ ಅಭಿಪ್ರಾಯ ಬರೆಯುವುದು ನಿಷಿದ್ಧ.

ಇ) ಮಸಾಲೆ ಪುಡಿ, ಉಪ್ಪಿನಕಾಯಿಯಂತಹ ಪೊಟ್ಟಣದ ಸರಕು ಮಾರುವವರು ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮೊದಲಾದ ವಿವರಗಳನ್ನು ತಾಣದಲ್ಲೂ ತೋರಿಸಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ.

ಈ) ಜಿಎಸ್‌ಟಿ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಜಾಲತಾಣಕ್ಕೆ ರಾಜ್ಯದ ಗಡಿಯಿಲ್ಲ, ತೆರಿಗೆಗೆ ಇದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಸೊಲ್ಲಾಪುರದ ಒಂದು ಸೀರೆಯ ಆದೇಶ ಪೂರೈಸಿದರೂ ಆ ಪದ್ಧತಿಯ ಅರ್ಹತೆ ಹೋಗುತ್ತದೆ. ನೋಂದಣಿಯನ್ನೇ ಮಾಡಿಸದ ಸಣ್ಣ ವರ್ತಕರು ಹೊರರಾಜ್ಯಕ್ಕೆ ತೆರಿಗೆಯುಕ್ತ ಸರಕು ಮಾರಿದರೆ, ವಹಿವಾಟು ಎಷ್ಟೇ ಕಡಿಮೆಯಿರಲಿ, ಸಾಮಾನ್ಯವಾಗಿ ನೋಂದಣಿ ಕಡ್ಡಾಯ. ಕೆಲವು ಕೈಮಗ್ಗ ಹಾಗೂ ಕರಕುಶಲ ಉತ್ಪನ್ನಗಳಿಗೆ ಷರತ್ತುಬದ್ಧ ವಿನಾಯಿತಿ ಇರುವುದರಿಂದ, "ಭಾರತದಾದ್ಯಂತ ರವಾನೆ" ಎಂದು ತಾಣದಲ್ಲಿ ಬರೆಯುವ ಮೊದಲೇ ತಮ್ಮ ಲೆಕ್ಕಪರಿಶೋಧಕರೊಂದಿಗೆ ಸಮಾಲೋಚಿಸಬೇಕು.

ಉ) ಗಿರಾಕಿಯ ಹೆಸರು, ದೂರವಾಣಿ, ವಿಳಾಸಗಳು ನಮ್ಮಲ್ಲಿಟ್ಟ ಒತ್ತೆ ಇದ್ದಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲ್ಪಟ್ಟಿವೆ. ಅಗತ್ಯವಿಲ್ಲದ ವಿವರ ಕೇಳದಿರುವುದೇ ಸುಲಭದ ಪಾಲನೆ. ಕಾರ್ಡ್ ಸಂಖ್ಯೆಗಳನ್ನಂತೂ ವ್ಯಾಪಾರಿಗಳು ಸಂಗ್ರಹಿಸಿಡುವಂತಿಲ್ಲ. ರಿಸರ್ವ್ ಬ್ಯಾಂಕಿನ ಈ ನಿರ್ಬಂಧ 2022ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ತಾಣದ ವಿಳಾಸ ಸುರಕ್ಷಿತ ಸಂಪರ್ಕದಲ್ಲಿರಬೇಕು. ಇಲ್ಲವಾದರೆ ಗೂಗಲ್ ಕ್ರೋಮ್ 2018ರಿಂದಲೂ "ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ತೋರಿಸುತ್ತಿದೆ. ಇದಕ್ಕೆ ಬೇಕಾದ ಪ್ರಮಾಣಪತ್ರ ಉಚಿತವಾಗಿಯೂ ದೊರೆಯುತ್ತದೆ.

7. ಲೆಕ್ಕಾಚಾರ

ತಾಣ ಲಾಭದಾಯಕವೇ ಎಂಬುದನ್ನು ನೋಡುಗರ ಸಂಖ್ಯೆಯಿಂದಲ್ಲ, ಖಾತೆಪುಸ್ತಕದಿಂದ ಅಳೆಯಬೇಕು. ಕೇವಲ ವಿವರಣೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ತಾಣ ರಚನೆಗೆ 45,000 ರೂ. ತಗಲಿತು, ಅದನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 15,000 ರೂ. ಹೆಸರು, ಸರ್ವರ್ ಮತ್ತು ನಿರ್ವಹಣೆಗೆ ವರ್ಷಕ್ಕೆ 9,000 ರೂ. ಒಟ್ಟು 24,000 ರೂ. ಖರೀದಿ ಬೆಲೆ, ಪ್ಯಾಕಿಂಗ್, ಕೊರಿಯರ್, ಪಾವತಿ ಶುಲ್ಕ ಕಳೆದು ಒಂದು ಸೀರೆಗೆ 300 ರೂ. ಉಳಿದರೆ, ವರ್ಷಕ್ಕೆ 80 ಸೀರೆ ಮಾರಿದಾಗ ತಾಣದ ಖರ್ಚು ಹುಟ್ಟುತ್ತದೆ.

ಆದರೆ ವಾಪಸಾತಿಯನ್ನು ಮರೆಯಬಾರದು. ಕಳುಹಿಸಿದ 100 ಸೀರೆಗಳಲ್ಲಿ 10 ಹಿಂದಿರುಗಿ, ಪ್ರತಿಯೊಂದಕ್ಕೂ 200 ರೂ. ನಷ್ಟವಾದರೆ, 90 ಸೀರೆಗಳ 27,000 ರೂ.ಗಳಿಂದ 2,000 ರೂ. ಕಳೆದು 25,000 ರೂ. ಉಳಿಯುತ್ತದೆ. ಅದೇ ವಾಪಸಾತಿ 4ಕ್ಕೆ ಇಳಿದರೆ 28,800 ರೂ.ಗಳಿಂದ 800 ರೂ. ಕಳೆದು 28,000 ರೂ. ಉಳಿಯುತ್ತದೆ. ಮೊದಲ ಸಂದರ್ಭದಲ್ಲಿ ಖರ್ಚು ಹುಟ್ಟಲು 96 ಸೀರೆ ಕಳುಹಿಸಬೇಕು. ಎರಡನೆಯದರಲ್ಲಿ 86 ಸಾಕು. ಬಣ್ಣ ನಿಜವಾಗಿರುವ ಚಿತ್ರ ಮತ್ತು "ಒಡಲು ಹತ್ತಿಯದು, ಅಪ್ಪಟ ರೇಷ್ಮೆಯಲ್ಲ" ಎಂಬ ಒಂದು ಸಾಲು ವಾಪಸಾತಿಯನ್ನು ಕಡಿಮೆ ಮಾಡುತ್ತವೆ. ಪ್ರಾಮಾಣಿಕತೆಯೂ ಲೆಕ್ಕಕ್ಕೆ ಸಿಗುವ ಲಾಭವೇ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಜಾಲತಾಣದ ಮೂಲಕ ಬಂದ ಮಾರಾಟ, ವಾಪಸಾತಿ, ಕೊರಿಯರ್ ವೆಚ್ಚಗಳಿಗೆ ಪ್ರತ್ಯೇಕ ಖಾತೆ ತೆರೆಯುವುದು ಅವಶ್ಯ. ಪಾವತಿ ಸಂಸ್ಥೆಯು ತನ್ನ ಶುಲ್ಕ ಕಳೆದು ಜಮಾ ಮಾಡುವ ಮೊತ್ತವನ್ನೇ ಮಾರಾಟವೆಂದು ಬರೆಯಬಾರದು. ಪೂರ್ಣ ಮಾರಾಟವನ್ನು ಬರೆದು ಶುಲ್ಕವನ್ನು ಖರ್ಚಾಗಿ ತೋರಿಸಬೇಕು.

8. ನಿರ್ವಹಣೆ

ಕಳೆದ ದೀಪಾವಳಿಯ ರಿಯಾಯಿತಿ ಈ ಯುಗಾದಿಗೂ ಮುಖಪುಟದಲ್ಲಿದ್ದರೆ, ಅಂಗಡಿ ನಡೆಯುತ್ತಿದೆಯೋ ಇಲ್ಲವೋ ಎಂಬ ಸಂದೇಹ ಗಿರಾಕಿಗೆ ಬರುವುದು ಸಹಜ. ತಿಂಗಳಿಗೊಮ್ಮೆ, ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ ದಿನವೇ ತಾಣದ ಪರಿಶೀಲನೆಯನ್ನೂ ಮಾಡುವ ರೂಢಿ ಅನುಕೂಲಕರ. ಆ ದಿನ ಪರಿಶೀಲಿಸಬೇಕಾದವು ಇಷ್ಟೇ:

– ಬೆಲೆಗಳು ಮತ್ತು ದಾಸ್ತಾನು ಸರಿಯಾಗಿವೆಯೇ?
– ತಾಣದಲ್ಲಿರುವ ದೂರವಾಣಿಗೆ ಕರೆ ಮಾಡಿದರೆ ಯಾರಾದರೂ ಎತ್ತುತ್ತಾರೆಯೇ?
– ವಿಚಾರಣೆಯ ನಮೂನೆ ತುಂಬಿ ಕಳುಹಿಸಿದರೆ ಇ-ಮೇಲ್ ಬರುತ್ತದೆಯೇ?
– ಬಂದ ದೂರುಗಳಿಗೆ ಉತ್ತರ ಹೋಗಿದೆಯೇ?
– ತಾಣದ ಪ್ರತಿಯೊಂದನ್ನು ನಮ್ಮ ಗಣಕಯಂತ್ರದಲ್ಲಿ ಉಳಿಸಿಕೊಳ್ಳಲಾಗಿದೆಯೇ?
– ಡೊಮೈನ್ ಹೆಸರಿನ ಅವಧಿ ಯಾವ ದಿನಕ್ಕೆ ಮುಗಿಯುತ್ತದೆ?

ಉಪಸಂಹಾರ

ಒಳ್ಳೆಯ ಜಾಲತಾಣಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಗಿರಾಕಿಯ ಪ್ರಶ್ನೆಗಳ ಪಟ್ಟಿ, ಬೆಳಗಿನ ಬೆಳಕಿನಲ್ಲಿ ತೆಗೆದ ನಿಜವಾದ ಚಿತ್ರಗಳು, ಮರೆಮಾಚದ ಬೆಲೆ ಮತ್ತು ಷರತ್ತುಗಳು, ಸಂಸ್ಥೆಯ ಹೆಸರಿನಲ್ಲಿರುವ ದಾಖಲೆಗಳು ಇವಿಷ್ಟೇ ಅದರ ಬಂಡವಾಳ. ಈಗಾಗಲೇ ತಾಣವಿರುವ ಸದಸ್ಯ ಬಾಂಧವರು ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ತಮ್ಮ ಡೊಮೈನ್ ಹೆಸರು ಯಾರ ಹೆಸರಿನಲ್ಲಿ, ಯಾವ ಇ-ಮೇಲ್ ವಿಳಾಸದಲ್ಲಿ ನೋಂದಣಿಯಾಗಿದೆ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳುವುದು ಒಳಿತು. ಅದು ಅನ್ಯರ ಹೆಸರಿನಲ್ಲಿದ್ದರೆ, ಅವರು ಇನ್ನೂ ಕೈಗೆ ಸಿಗುವಂತಿರುವಾಗಲೇ ವರ್ಗಾವಣೆ ಮಾಡಿಸಿಕೊಳ್ಳತಕ್ಕದ್ದು.